ರಾತ್ರಿ ಫೋನ್ ಎತ್ತುವವರು ಯಾರು? ನಾರ್ತ್ ಕ್ಯಾರೊಲೈನಾದ ಥೆರಪ್ಯೂಟಿಕ್ ಫಾಸ್ಟರ್ ಕೇರ್ ಬಗ್ಗೆ

ರಾಲಿ, ಕ್ಯಾರಿ, ಮಾರಿಸ್‌ವಿಲ್ ಕಡೆಯ ಕನ್ನಡದವರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ. "ನೀವು ಫಾಸ್ಟರ್ ಕೇರ್ ಮಾಡ್ತೀರಲ್ಲ, ಹೇಗಿದೆ? ನಾವೂ ಸೇರಬಹುದಾ?" ಊಟದ ಸಾಲಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಇದು, ಹಾಗಾಗಿ ಬರೆದೇ ಬಿಡುತ್ತಿದ್ದೇನೆ. ನಮಗೆ ಪರವಾನಗಿ ಮಾಡಿಸಿಕೊಟ್ಟ ಏಜೆನ್ಸಿಯ ಸೇವೆ ಹೇಗಿದೆ ಎಂಬ ವಿಮರ್ಶೆ ಇದು. ಏಜೆನ್ಸಿಯ ಹೆಸರು ಹಾಕಿಲ್ಲ. ನಮ್ಮ ಜೊತೆ ಇರುವ ಹುಡುಗನ ಗುರುತು ಸಿಗುವಂಥ ಯಾವ ವಿವರವೂ ಇಲ್ಲ. ಫಾಸ್ಟರ್ ಮಕ್ಕಳ ಹೆಸರು, ಫೋಟೋ ಹೊರಗೆ ಹಾಕುವಂತಿಲ್ಲ. ಅದು ಬಹಳ ಒಳ್ಳೆಯ ನಿಯಮ.

ನನ್ನ ತೀರ್ಪು ಮೊದಲೇ ಹೇಳುತ್ತೇನೆ. ಸೇವೆ ಒಳ್ಳೆಯದು, ಮಕ್ಕಳಿಗೆ ನಿಜವಾಗಿ ಉಪಯೋಗ ಆಗುತ್ತದೆ. ಆದರೆ ದೊಡ್ಡ ಮನಸ್ಸು ಒಂದಿದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ನಡೆಯುವುದು ನಿಮ್ಮ ಬೆನ್ನಿಗೆ ನಿಲ್ಲುವ ತಂಡದಿಂದ. ತಂಡ ಗಟ್ಟಿ ಇದ್ದರೆ ಸಾಧಾರಣ ಅಪ್ಪ ಅಮ್ಮಂದಿರೂ ಇದನ್ನು ಮಾಡಬಹುದು, ತಂಡ ಇಲ್ಲದಿದ್ದರೆ ಎಂಥ ಪುಣ್ಯಾತ್ಮರೂ ಕೆಲವೇ ತಿಂಗಳಲ್ಲಿ ಕೈಚೆಲ್ಲುತ್ತಾರೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಕೋರ್ಟ್ ಮೂಲಕ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಸಮಾಜ ಸೇವಾ ಇಲಾಖೆ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ಪರವಾನಗಿ ಇರುವ ಮನೆಯಲ್ಲಿ ಸ್ವಲ್ಪ ಕಾಲ ಇಡುತ್ತದೆ. ಅದು ಸಾಮಾನ್ಯ ಫಾಸ್ಟರ್ ಕೇರ್. ಥೆರಪ್ಯೂಟಿಕ್ ಎಂದರೆ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಬುದ್ಧಿ ಬೆಳವಣಿಗೆ ನಿಧಾನ, ಜೊತೆಗೆ ಕಣ್ಣಾರೆ ಕಂಡ ಹಿಂಸೆಯ ಭಯ, ಅದರಿಂದ ಬೇರೆಯವರಿಗೆ ಹೊಡೆಯುವುದು, ಕಚ್ಚುವುದು, ಓಡಿಹೋಗುವುದು, ಇಂಥದ್ದೆಲ್ಲ ಇರುವ ಮಕ್ಕಳಿಗೆ. ಇಲ್ಲಿ ಮನೆಯೇ ಚಿಕಿತ್ಸೆ ನಡೆಯುವ ಜಾಗ, ನಾವೂ ಚಿಕಿತ್ಸಾ ತಂಡದ ಸದಸ್ಯರು. ನಮ್ಮ ರಾಜ್ಯದ ಕಾಗದಪತ್ರದಲ್ಲಿ ಇದಕ್ಕೆ 'ಲೆವೆಲ್ ಟೂ, ಫ್ಯಾಮಿಲಿ ಟೈಪ್' ಅನ್ನುತ್ತಾರೆ. ಚಿಕಿತ್ಸೆಯ ಭಾಗಕ್ಕೆ ಮೆಡಿಕೇಡ್, ಅಂದರೆ ಸರ್ಕಾರಿ ಆರೋಗ್ಯ ವಿಮೆ, ದುಡ್ಡು ಕೊಡುತ್ತದೆ. ಈ ಪದ್ಧತಿಯ ಪ್ರಸಿದ್ಧ ಮಾದರಿಯೊಂದು 1983ರಲ್ಲಿ ಒರೆಗಾನ್‌ನ ಯೂಜೀನ್ ಊರಲ್ಲಿ ಶುರುವಾಯಿತು. ಪ್ಯಾಟ್ರಿಶಿಯಾ ಚೇಂಬರ್ಲಿನ್ ಮತ್ತು ಅವರ ಜೊತೆಯವರು, ಸಿಬ್ಬಂದಿ ನೋಡಿಕೊಳ್ಳುವ ಗ್ರೂಪ್ ಹೋಮ್‌ಗೆ ಹೋಗಬೇಕಿದ್ದ ಹದಿಹರೆಯದವರನ್ನು ಚೆನ್ನಾಗಿ ತರಬೇತಿ ಪಡೆದ ಮನೆಗಳಲ್ಲಿ ಇಟ್ಟು ನೋಡಿದರು. ಆಮೇಲೆ 3ರಿಂದ 6 ವರ್ಷದ ಪುಟ್ಟ ಮಕ್ಕಳಿಗೂ ಅದರದೇ ಒಂದು ರೂಪ ಬಂತು.

ಪರವಾನಗಿ ಸಿಗುವವರೆಗಿನ ಹಂತ ದೊಡ್ಡದು. ನಾರ್ತ್ ಕ್ಯಾರೊಲೈನಾದಲ್ಲಿ ಎಲ್ಲ ಫಾಸ್ಟರ್ ಪೋಷಕರಿಗೂ 30 ಗಂಟೆ ತರಬೇತಿ, ಥೆರಪ್ಯೂಟಿಕ್ ಬೇಕಾದರೆ ಮೇಲೆ ಇನ್ನೂ 10 ಗಂಟೆ. ಸಿಪಿಆರ್, ಪ್ರಥಮ ಚಿಕಿತ್ಸೆ, ಬೆರಳಚ್ಚು, ವೈದ್ಯರ ಪತ್ರ, ಅಗ್ನಿಶಾಮಕದವರ ತಪಾಸಣೆ. ಮಾತ್ರೆಗಳಿಗೆ ಬೀಗ. ನಮ್ಮ ದೇವರ ಮನೆಯಲ್ಲಿ ಬೆಂಕಿಪೊಟ್ಟಣ ಎಲ್ಲಿಡುತ್ತೀರಿ ಅಂತಲೂ ಕೇಳಿದರು. ಕೇಳಬೇಕಾದ್ದೇ. ಊರಿಂದ ಅತ್ತೆ ಮಾವ ಬಂದು ಆರು ತಿಂಗಳು ಇರುತ್ತಾರೆ ಎಂದಾಗ ಅವರೂ ಮನೆಯ ಸದಸ್ಯರೇ, ಅವರ ಬೆರಳಚ್ಚೂ ಬೇಕು ಅಂದರು. ಇದನ್ನು ಮುಂಚೆಯೇ ತಿಳಿದಿರಿ, ಟಿಕೆಟ್ ಬುಕ್ ಮಾಡುವ ಮೊದಲೇ ಏಜೆನ್ಸಿಗೆ ಹೇಳಿ, ಇಲ್ಲದಿದ್ದರೆ ವೃದ್ಧರು ಬಂದಿಳಿದ ವಾರವೇ ಕಚೇರಿಗೆ ಓಡಾಡಬೇಕಾಗುತ್ತದೆ.

ತರಬೇತಿಯಲ್ಲಿ ಅರ್ಧ ಭಾಗ ಕಾನೂನು, ಫಾರಂ. ಅದು ಹೇಗೋ ಮುಗಿಯುತ್ತದೆ. ನಿಜವಾಗಿ ಕೈಗೆ ಸಿಕ್ಕಿದ್ದು ನಡವಳಿಕೆಯ ಭಾಗ. ಡ್ಯೂಕ್ ವಿಶ್ವವಿದ್ಯಾಲಯದವರು ಥೆರಪ್ಯೂಟಿಕ್ ಮನೆಗಳಿಗೆಂದೇ 'ಟುಗೆದರ್ ಫೇಸಿಂಗ್ ದ ಚಾಲೆಂಜ್' ಎಂಬ ತರಬೇತಿ ರೂಪಿಸಿದ್ದಾರೆ. ಅದರ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ನೀವು ಸೇರುವ ಏಜೆನ್ಸಿ ಅದನ್ನೋ, ಅಂಥದ್ದೇ ಪರೀಕ್ಷೆಗೆ ಒಳಪಟ್ಟ ಇನ್ನೊಂದನ್ನೋ ಕಲಿಸುತ್ತದೆಯಾ ಅಂತ ಕೇಳಿ. ಸುಮ್ನೆ "ಪ್ರೀತಿಯಿಂದ ನೋಡಿಕೊಳ್ಳಿ" ಎಂದು ಸ್ಲೈಡ್ ತೋರಿಸಿ ಕಳಿಸುವವರೂ ಇದ್ದಾರೆ. ಮಗು ಗೋಡೆಗೆ ತಲೆ ಚಚ್ಚಿಕೊಳ್ಳುವಾಗ ಆ ಸ್ಲೈಡ್ ಏನೂ ಹೇಳಿಕೊಡುವುದಿಲ್ಲ.

ಕುಕ್ಕರ್ ಕಥೆ ಹೇಳುತ್ತೇನೆ, ಈ ಸೇವೆ ಏನು ಅಂತ ಅದರಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆಗೆ ಬಂದ ಹುಡುಗನಿಗೆ ಆಟಿಸಂ ಇದೆ, ಸದ್ದು ಅಂದರೆ ಆಗುವುದಿಲ್ಲ. ನಮ್ಮದು ಕನ್ನಡದ ಅಡುಗೆಮನೆ. ಬೆಳಗ್ಗೆ ಕುಕ್ಕರ್ ಸೀಟಿ, ಮಿಕ್ಸಿ, ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದು, ಜೊತೆಗೆ ಒಣಮೆಣಸಿನಕಾಯಿ ಘಾಟು. ಮೊದಲ ಸೀಟಿ ಬಂದದ್ದೇ ತಡ, ಕಿವಿ ಮುಚ್ಚಿಕೊಂಡು ಊಟದ ಮೇಜಿನ ಕೆಳಗೆ ಸೇರಿದ, ಹೊರಗೆ ಎಳೆಯಲು ಯಾರೂ ಹೋಗಬಾರದು ಅಂತ ತರಬೇತಿಯಲ್ಲಿ ಹೇಳಿದ್ದರು, ಹಾಗಾಗಿ ಗ್ಯಾಸ್ ಆರಿಸಿ ನಾವೂ ನೆಲದ ಮೇಲೆ ಸ್ವಲ್ಪ ದೂರದಲ್ಲಿ ಸುಮ್ಮನೆ ಕೂತೆವು. ಆ ವಾರವೇ ಏಜೆನ್ಸಿ ಮೂಲಕ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಹೊಂದಿಕೊಳ್ಳಲು ಕಲಿಸುವ ತಜ್ಞರು) ಮನೆಗೆ ಬಂದರು. ಬಂದವರು ನೇರ ಅಡುಗೆಮನೆಗೆ ಹೋಗಿ ನಿಂತು, ದಿನಾ ಮಾಡುವಂತೆ ಅಡುಗೆ ಮಾಡಿ ಅಂದರು. ಎಲ್ಲ ಸದ್ದು ಕೇಳಿಸಿಕೊಂಡರು, ಬರೆದುಕೊಂಡರು. ಆಮೇಲೆ ಮೂರು ಚಿತ್ರದ ಕಾರ್ಡು ಮಾಡಿಕೊಟ್ಟರು. ಒಂದರಲ್ಲಿ ಕುಕ್ಕರ್, ಒಂದರಲ್ಲಿ ಹೆಡ್‌ಫೋನ್, ಒಂದರಲ್ಲಿ ಅವನಿಗೆ ಇಷ್ಟವಾದ ಆಟಿಕೆ. ಒಲೆ ಹಚ್ಚುವ ಮೊದಲು ಕುಕ್ಕರ್ ಕಾರ್ಡ್ ಫ್ರಿಜ್ ಮೇಲೆ ಅಂಟಿಸಬೇಕು. ಅದರ ಪಕ್ಕ ಹೆಡ್‌ಫೋನ್. 'ಮೊದಲು ಇದು, ಆಮೇಲೆ ಅದು'. ಅಷ್ಟೇ.

ಕೆಲವು ವಾರ ಏನೂ ಆಗಲಿಲ್ಲ. ಮೇಜಿನ ಕೆಳಗೇ ಹೋಗುತ್ತಿದ್ದ. ಒಂದು ದಿನ ನಾನು ಬೇಳೆ ತೊಳೆಯುತ್ತಿದ್ದೆ. ಅವನು ಬಂದ, ನನ್ನ ಮುಖ ನೋಡಲಿಲ್ಲ, ಡ್ರಾಯರ್ ಎಳೆದು ಕುಕ್ಕರ್ ಕಾರ್ಡ್ ತೆಗೆದು ಫ್ರಿಜ್‌ಗೆ ತಾನೇ ಅಂಟಿಸಿದ, ಹೆಡ್‌ಫೋನ್ ಹಾಕಿಕೊಂಡು ಕುರ್ಚಿ ಮೇಲೆ ಕೂತ. ಮೂರು ಸೀಟಿ ಆಯಿತು. ಕೂತೇ ಇದ್ದ! ನನ್ನ ಗಂಡ ಆಫೀಸ್ ಮೀಟಿಂಗ್ ಮಧ್ಯದಲ್ಲೇ ಎದ್ದು ಬಂದು ನೋಡಿದರು. ಇದನ್ನು ನಮ್ಮಷ್ಟಕ್ಕೆ ನಾವು ಕಂಡುಹಿಡಿಯುತ್ತಿರಲಿಲ್ಲ. ಸೀಟಿ ಕಿರಿಕಿರಿ ಅಂತ ಗೊತ್ತಾಗುತ್ತಿತ್ತು, ಆದರೆ ಅದಕ್ಕಿಂತ ಜಾಸ್ತಿ ಅವನನ್ನು ಕಾಡುತ್ತಿದ್ದದ್ದು ಸೀಟಿ ಯಾವಾಗ ಬರುತ್ತದೋ ಗೊತ್ತಿಲ್ಲ ಎಂಬುದು, ಅದನ್ನು ನೋಡಿ ಹೇಳಲು ಕಲಿತವರೇ ಬೇಕಾಯಿತು.

ಇನ್ನು ದಿನದ ಫೋನ್ ಕರೆ. ಇದು ಒರೆಗಾನ್ ಮಾದರಿಯಿಂದ ಬಂದ ಪದ್ಧತಿ, 'ಪೇರೆಂಟ್ ಡೈಲಿ ರಿಪೋರ್ಟ್' ಅಂತ ಹೆಸರು. ವಾರದ ದಿನಗಳಲ್ಲಿ ಏಜೆನ್ಸಿಯ ಒಬ್ಬರು ಫೋನ್ ಮಾಡಿ 30ಕ್ಕೂ ಹೆಚ್ಚು ನಡವಳಿಕೆಗಳ ಪಟ್ಟಿ ಓದುತ್ತಾರೆ. ಕಳೆದ 24 ಗಂಟೆಯಲ್ಲಿ ಹೊಡೆದನಾ? ಸುಳ್ಳು ಹೇಳಿದನಾ? ಹಾಸಿಗೆ ಒದ್ದೆ ಮಾಡಿದನಾ? ಅತ್ತನಾ? ಆಗಿದ್ದರೆ, ಅದರಿಂದ ನಿಮಗೆ ಒತ್ತಡ ಆಯಿತಾ? ಐದರಿಂದ ಹತ್ತು ನಿಮಿಷ. ಆ ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ಮಗು ಏನು ಮಾಡಿತು ಅಂತ ಎಲ್ಲರೂ ಕೇಳುತ್ತಾರೆ, ನಿಮಗೆ ಹೇಗಾಯಿತು ಅಂತ ಈ ಕರೆಯಲ್ಲಿ ಮಾತ್ರ ಕೇಳುತ್ತಾರೆ. ಇದೇ ಪಟ್ಟಿ ಇಟ್ಟುಕೊಂಡು ಚೇಂಬರ್ಲಿನ್ ತಂಡ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. ದಿನಕ್ಕೆ ಆರು ಸಮಸ್ಯೆಗಳ ತನಕ ಪೋಷಕರು ತಡೆದುಕೊಳ್ಳುತ್ತಾರೆ, ಆರು ದಾಟಿದ ಮೇಲೆ ಒಂದೊಂದು ಹೆಚ್ಚಾದಂತೆಯೂ ಮಗು ಆ ಮನೆ ಬಿಡುವ ಸಾಧ್ಯತೆ ಶೇ 17ರಷ್ಟು ಏರುತ್ತದೆ ಎಂದು ಅದರಲ್ಲಿ ಕಂಡುಬಂತು. ಅಂದರೆ ಈ ಕರೆ ಸುಮ್ಮನೆ ವರದಿಗಲ್ಲ. ಸಂಖ್ಯೆ ಏರುತ್ತಿದೆ ಅಂತ ಕಂಡ ತಕ್ಷಣ ತಂಡ ಮಧ್ಯೆ ಬರಬೇಕು. ನಮ್ಮ ಏಜೆನ್ಸಿ ಬರುತ್ತದೆ. ಪಟ್ಟಿ ಏರಿದ ವಾರ ಸೂಪರ್‌ವೈಸರ್ ಮನೆಗೇ ಬಂದು ಕೂತರು, ಸಂಜೆಯ ದಿನಚರಿಯನ್ನೇ ಬದಲಾಯಿಸಿದರು.

ರಾತ್ರಿಯ ವಿಷಯ ಬೇರೆಯೇ. 24 ಗಂಟೆಯೂ ಫೋನ್ ಎತ್ತುತ್ತೇವೆ ಅಂತ ಎಲ್ಲ ಏಜೆನ್ಸಿಗಳೂ ಹೇಳುತ್ತವೆ. ಎತ್ತುವವರು ಯಾರು ಎಂಬುದು ಪ್ರಶ್ನೆ. ನಮಗೆ ಒಮ್ಮೆ ನಡುರಾತ್ರಿ ಬೇಕಾಯಿತು. ಹುಡುಗ ನಿದ್ದೆಯಿಂದ ಎದ್ದು ಕೂಗಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದ. ಅವತ್ತು ಫೋನ್ ಎತ್ತಿದವರು ಅವನ ಹೆಸರು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. "ದೊಡ್ಡ ದೀಪ ಹಾಕಬೇಡಿ, ಮಾತಾಡಬೇಡಿ, ಭಾರದ ಹೊದಿಕೆ ಬಾಗಿಲ ಹತ್ತಿರ ಇಡಿ, ನಾನು ಲೈನಲ್ಲೇ ಇರುತ್ತೇನೆ" ಅಂದರು. ಅವನು ಮಲಗುವ ತನಕ ಇದ್ದರು ಕೂಡ. ಬೇರೆ ಏಜೆನ್ಸಿಯಲ್ಲಿರುವ ನಮ್ಮ ಗೆಳೆಯರಿಗೆ ಇಂಥದ್ದೇ ರಾತ್ರಿ ಸಿಕ್ಕಿದ್ದು ಕಾಲ್ ಸೆಂಟರ್. "ತುರ್ತು ಇದ್ದರೆ 911ಕ್ಕೆ ಮಾಡಿ" ಅಂದರಂತೆ. ಆಟಿಸಂ ಇರುವ ಹೆದರಿದ ಮಗುವಿನ ಮುಂದೆ ಪೊಲೀಸ್ ಬಂದು ನಿಂತರೆ ಏನಾಗಬಹುದು ಅಂತ ನೀವೇ ಯೋಚಿಸಿ. ನಾನು ಈ ಸೇವೆಗೆ ಅಂಕ ಕೊಡುವುದಾದರೆ ಅರ್ಧ ಅಂಕ ಆ ಒಂದು ರಾತ್ರಿಯ ಫೋನಿಗೇ ಹೋಗುತ್ತದೆ.

ರೆಸ್ಪೈಟ್ ಬಗ್ಗೆ ನಮ್ಮವರಲ್ಲಿ ಒಂದು ಸಂಕೋಚ ಇದೆ. ಪರವಾನಗಿ ಇರುವ ಇನ್ನೊಂದು ಮನೆಯವರು ಒಂದೆರಡು ದಿನ ಮಗುವನ್ನು ನೋಡಿಕೊಳ್ಳುವ ಏರ್ಪಾಟು ಅದು. "ಮಗು ಬಿಟ್ಟು ನಾವು ಆರಾಮಾಗಿ ಇರೋದಾ?" ಅನಿಸುತ್ತದೆ ಅಲ್ವಾ? ಖಂಡಿತ ಬಳಸಿ. ಒಂದೇ ರೆಸ್ಪೈಟ್ ಮನೆ ಗೊತ್ತು ಮಾಡಿಕೊಳ್ಳಿ, ಪ್ರತಿ ಸಲ ಹೊಸ ಮನೆ ಆದರೆ ಮಗುವಿಗೆ ಮತ್ತೆ ಯಾರೋ ಬಿಟ್ಟುಹೋದರು ಅನ್ನಿಸುತ್ತದೆ. ಇಂಡಿಯಾಕ್ಕೆ ಹೋಗುವಾಗ ಇದು ಇನ್ನೂ ದೊಡ್ಡ ಪ್ರಶ್ನೆ. ಮಗುವನ್ನು ದೇಶದ ಹೊರಗೆ ಕರೆದೊಯ್ಯಲು ಕೌಂಟಿ, ಕೋರ್ಟ್ ಒಪ್ಪಿಗೆ ಬೇಕು, ಪಾಸ್‌ಪೋರ್ಟ್ ಬೇಕು. ನಾವು ಈಗ ಇಬ್ಬರೂ ಒಟ್ಟಿಗೆ ಊರಿಗೆ ಹೋಗುವುದಿಲ್ಲ, ಸರದಿ ಮೇಲೆ ಹೋಗುತ್ತೇವೆ. ಅಮ್ಮನಿಗೆ ಇದು ಬೇಜಾರು. ನಿಮ್ಮ ಮನೆಯಲ್ಲೂ ಈ ಮಾತು ಬರುತ್ತದೆ, ಮುಂಚೆಯೇ ಮಾತಾಡಿಕೊಳ್ಳಿ.

ಊಟ ಮತ್ತು ದೇವರು. ನಾವು ಸಸ್ಯಾಹಾರಿಗಳು. ಮಗು ಏನು ತಿಂದು ಬೆಳೆದಿದೆಯೋ ಅದು ಅದಕ್ಕೆ ಸಿಗಬೇಕು, ಅದರಲ್ಲೂ ನಾಲ್ಕೈದು ಪದಾರ್ಥ ಬಿಟ್ಟು ಬೇರೆ ಏನನ್ನೂ ಬಾಯಿಗೆ ಹಾಕದ ಮಗು ಆದರೆ ಚರ್ಚೆಯೇ ಇಲ್ಲ. ನಮ್ಮ ಫ್ರೀಜರ್‌ನಲ್ಲಿ ಚಿಕನ್ ನಗೆಟ್ಸ್‌ಗೆ ಒಂದು ಖಾನೆ ಇದೆ, ಅದಕ್ಕೇ ಬೇರೆ ಟ್ರೇ ಇದೆ. ಇದಕ್ಕೆ ಒಪ್ಪದ ಮನೆಯಲ್ಲಿ ಥೆರಪ್ಯೂಟಿಕ್ ಕೇರ್ ಕಷ್ಟ, ಕಡ್ಡಿ ಮುರಿದಂತೆ ಹೇಳುತ್ತಿದ್ದೇನೆ. ಈಗ ಅವನು ಮೊಸರನ್ನ ತಿನ್ನುತ್ತಾನೆ, ಆದರೆ ಅದು ಅವನಾಗಿ ನಮ್ಮ ತಟ್ಟೆಗೆ ಕೈಹಾಕಿ ಕಲಿತದ್ದು. ಧರ್ಮವೂ ಹಾಗೆಯೇ. ಹೆತ್ತವರು ಚರ್ಚಿಗೆ ಹೋಗುವವರಾದರೆ ಮಗುವಿಗೆ ಆ ಅವಕಾಶ ಇರಬೇಕು. ನಮ್ಮ ಹಬ್ಬಕ್ಕೆ ಅವನು ಬಂದು ಕೂತರೆ ಸಂತೋಷ, ಕೂರದಿದ್ದರೂ ಸಂತೋಷ.

ಹೆತ್ತವರ ವಿಷಯಕ್ಕೆ ಬಂದರೆ, ನಮ್ಮ ಕನ್ನಡ ಬಳಗದಲ್ಲಿ ಬಹಳ ಜನಕ್ಕೆ ಅರ್ಥ ಮಾಡಿಸಲು ಕಷ್ಟವಾದದ್ದು ಇದೇ. ಇದು ದತ್ತು ಅಲ್ಲ. ಮೊದಲ ಗುರಿ ಮಗು ತನ್ನ ಮನೆಗೆ ವಾಪಸ್ ಹೋಗುವುದು. 1997ರ ಫೆಡರಲ್ ಕಾನೂನಿನ ಪ್ರಕಾರ ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿ ಇದ್ದರೆ ಹೆತ್ತವರ ಹಕ್ಕು ರದ್ದು ಮಾಡುವ ಅರ್ಜಿಯನ್ನು ಇಲಾಖೆ ಹಾಕಬೇಕು, ಅದಕ್ಕೂ ವಿನಾಯಿತಿಗಳಿವೆ. ಅಲ್ಲಿಯವರೆಗೆ ಭೇಟಿಗಳು ನಡೆಯುತ್ತವೆ. ಅಮ್ಮನನ್ನು ನೋಡಿ ಬಂದ ದಿನ ಮಗು ಹೆಚ್ಚು ಕೆರಳುತ್ತದೆ. "ಹಾಗಾದ್ರೆ ಭೇಟಿ ನಿಲ್ಲಿಸಬಾರದಾ?" ಅಂತ ಗೆಳತಿಯೊಬ್ಬಳು ಕೇಳಿದಳು. ನಿಲ್ಲಿಸಬಾರದು. ಅವನು ಅಮ್ಮನಿಗಾಗಿ ಅಳುತ್ತಾನೆ, ಅದು ರೋಗ ಅಲ್ಲ. ನಮ್ಮ ಏಜೆನ್ಸಿಯ ಥೆರಪಿಸ್ಟ್ ಆ ತಾಯಿಗೂ ಅದೇ ಚಿತ್ರದ ಕಾರ್ಡುಗಳನ್ನು ಬಳಸಲು ಕಲಿಸುತ್ತಿದ್ದಾರೆ. ಆಕೆಯೂ ಕಲಿಯುತ್ತಿದ್ದಾರೆ. ಒಂದು ಭೇಟಿಯಲ್ಲಿ ಅವನು ಚಡಪಡಿಸಿದಾಗ ನಮಗಿಂತ ಮೊದಲು ಆಕೆಯೇ ಹೆಡ್‌ಫೋನ್ ಕಾರ್ಡ್ ತೋರಿಸಿದರು.

ಈಗ ದೂರುಗಳು. ಮೊದಲನೆಯದು, ಮಗು ಬಂದ ದಿನ ಸಿಕ್ಕ ಫೈಲ್. ಅರ್ಧಂಬರ್ಧ. ಯಾವ ಔಷಧಿ, ಎಷ್ಟು ಡೋಸ್ ಎಂಬುದು ಹಳೆಯ ಹಾಳೆಯಲ್ಲಿ ಒಂದು, ಬಾಟಲಿ ಮೇಲೆ ಇನ್ನೊಂದು. ರಿಸ್ಪೆರಿಡೋನ್‌ನಂಥ, ಮಿದುಳಿನ ಮೇಲೆ ಕೆಲಸ ಮಾಡುವ ಔಷಧಿ ಕೊಡುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಡೋಸ್ ಬದಲಿಸುವ ಅಧಿಕಾರ ನಮಗಿಲ್ಲ, ಒಂದೊಂದು ಮಾತ್ರೆಗೂ ಹಾಳೆಯಲ್ಲಿ ಸಮಯ ಬರೆದು ಸಹಿ ಹಾಕಬೇಕು, ಹಾಗಿರುವಾಗ ಹಾಳೆಯೇ ತಪ್ಪಿದ್ದರೆ? ಔಷಧಿ ಅಂಗಡಿಗೆ ಫೋನ್ ಮಾಡಿ, ಡಾಕ್ಟರ್ ಕಚೇರಿಗೆ ಫೋನ್ ಮಾಡಿ ನಾವೇ ಸರಿ ಮಾಡಿಸಿಕೊಂಡೆವು. ಎರಡನೆಯದು, ಕೇಸ್ ವರ್ಕರ್‌ಗಳು ಬೇಗ ಬೇಗ ಕೆಲಸ ಬಿಡುತ್ತಾರೆ. ಪ್ರತಿ ಹೊಸಬರಿಗೂ ಮಗುವಿನ ಕಥೆ ಮೊದಲಿಂದ ಹೇಳಬೇಕು. ಅವರ ಮೇಲೆ ಕೋಪ ಇಲ್ಲ, ಕೆಲಸದ ಭಾರ ಹಾಗಿದೆ. ಈ ರಾಜ್ಯದಲ್ಲಿ ಜಾಗ ಸಿಗದೆ ಮಕ್ಕಳು ಕೌಂಟಿ ಕಚೇರಿಯಲ್ಲೇ ರಾತ್ರಿ ಮಲಗಿದ ಸುದ್ದಿ ನೀವೂ ಓದಿರುತ್ತೀರಿ.

ಮೂರನೆಯದಕ್ಕೆ ನನಗೆ ನಿಜಕ್ಕೂ ಕೋಪ ಇದೆ. ಮಗು ಸುಧಾರಿಸಿದರೆ ಸೇವೆ ಕಡಿತ ಆಗುತ್ತದೆ! ಥೆರಪ್ಯೂಟಿಕ್ ಹಂತಕ್ಕೆ ಮೆಡಿಕೇಡ್ ಯೋಜನೆಯವರ ಅನುಮತಿ ಬೇಕು, ಅದನ್ನು ಆಗಾಗ ನವೀಕರಿಸಬೇಕು. ಹೊಡೆತ ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ, ಶಾಲೆಯಿಂದ ದೂರು ಇಲ್ಲ ಎಂದು ನಾವೇ ಸಂತೋಷದಿಂದ ವರದಿ ಮಾಡುತ್ತೇವೆ. ಅದನ್ನೇ ನೋಡಿ "ಇನ್ನು ಈ ಹಂತ ಬೇಕಾಗಿಲ್ಲ" ಅನ್ನುತ್ತಾರೆ. ಆಗ ದಿನದ ಕರೆ ಹೋಗುತ್ತದೆ, ತಂಡದವರ ವಾರದ ಭೇಟಿ ಹೋಗುತ್ತದೆ, ಭತ್ಯೆ ಇಳಿಯುತ್ತದೆ. ಥೆರಪ್ಯೂಟಿಕ್ ಮನೆಗೆ ಗರಿಷ್ಠ ಇಬ್ಬರು ಫಾಸ್ಟರ್ ಮಕ್ಕಳು ಎಂಬ ಮಿತಿ ಇದೆ, ಮನೆಗಳೂ ಕಡಿಮೆ, ಹಾಗಾಗಿ ಆ ಹಾಸಿಗೆ ಬೇರೆ ಮಗುವಿಗೆ ಬೇಕು ಎಂಬ ಮಾತೂ ಬರುತ್ತದೆ. ಮಗು ಚೆನ್ನಾಗಿ ಆದದ್ದಕ್ಕೆ ಮನೆ ಬದಲಿಸಬೇಕು ಅಂದರೆ ಅದಕ್ಕೆ ನಾವು ಏನಂತ ಹೇಳುವುದು? ಕಾರ್ಡು, ಹೆಡ್‌ಫೋನ್, ಅದೇ ಕುರ್ಚಿ, ಅದೇ ಮುಖಗಳು ಇರುವುದರಿಂದಲೇ ಅವನು ಸುಧಾರಿಸಿದ್ದು. ನಮ್ಮ ವಿಷಯದಲ್ಲಿ ಹಂತ ಇಳಿದರೂ ಇವನು ಇಲ್ಲೇ ಇರಲಿ ಎಂದು ನಾವು ಹಟ ಹಿಡಿದೆವು, ಸೂಪರ್‌ವೈಸರ್ ನಮ್ಮ ಪರ ನಿಂತರು, ಕೌಂಟಿ ಒಪ್ಪಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಸೇರುವ ಮೊದಲೇ ಈ ಪ್ರಶ್ನೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ದುಡ್ಡಿನ ಬಗ್ಗೆ ಕೇಳುವವರಿಗೆ: ಭತ್ಯೆ ಬರುತ್ತದೆ, ಸಾಮಾನ್ಯ ಫಾಸ್ಟರ್ ಕೇರ್‌ಗಿಂತ ಜಾಸ್ತಿ, ಮತ್ತು ಅರ್ಹ ಫಾಸ್ಟರ್ ಭತ್ಯೆ ಫೆಡರಲ್ ತೆರಿಗೆಯಲ್ಲಿ ಆದಾಯಕ್ಕೆ ಸೇರುವುದಿಲ್ಲ. ಆದರೆ ಶಾಲೆಯಿಂದ ಹನ್ನೊಂದು ಗಂಟೆಗೆ "ಬಂದು ಕರೆದುಕೊಂಡು ಹೋಗಿ" ಅಂತ ಫೋನ್ ಬಂದಾಗ ಎದ್ದು ಹೋಗಲು ಒಬ್ಬರಾದರೂ ಮನೆಯಲ್ಲಿ ಇರಬೇಕು. ಇಬ್ಬರದೂ ಬಿಡುವಿಲ್ಲದ ಕೆಲಸ ಆಗಿದ್ದರೆ ಈ ಹಂತ ಬೇಡ.

ಬೆಂಗಳೂರಿನಿಂದ ಕೆಲವರು "ಇಲ್ಲೂ ಇದು ಇದೆಯಾ?" ಅಂತ ಕೇಳಿದ್ದಾರೆ. ಫಾಸ್ಟರ್ ಕೇರ್ ಇದೆ. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಸೆಕ್ಷನ್‌ನಲ್ಲಿದೆ, 2016ರ ಮಾದರಿ ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಿ ಒಂಟಿ ವ್ಯಕ್ತಿಗಳಿಗೂ ಅವಕಾಶ ಕೊಟ್ಟಿದ್ದಾರೆ. ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನ ಮಾಡುತ್ತದೆ, ಮಿಷನ್ ವಾತ್ಸಲ್ಯ ಅಡಿಯಲ್ಲಿ ತಿಂಗಳಿಗೆ 4,000 ರೂಪಾಯಿ. ಆದರೆ ಇಲ್ಲಿ ನಾನು ಹೇಳಿದ ದಿನದ ಕರೆ, ಮನೆಗೆ ಬರುವ ಥೆರಪಿಸ್ಟ್, ರೆಸ್ಪೈಟ್ ಮನೆ, ಇವೆಲ್ಲ ಆ 4,000 ರೂಪಾಯಿಯಲ್ಲಿ ಬರುವುದಿಲ್ಲ. ವಿಶೇಷ ಅಗತ್ಯದ ಮಗುವನ್ನು ಯಾರಾದರೂ ಮನೆಗೆ ತಂದರೆ ಆಸ್ಪತ್ರೆ, ಶಾಲೆ, ಥೆರಪಿ ಎಲ್ಲಕ್ಕೂ ಅವರೇ ಓಡಾಡಬೇಕು. ಅಲ್ಲಿ ಮನಸ್ಸಿರುವ ಜನ ಕಡಿಮೆ ಇಲ್ಲ, ಅವರ ಬೆನ್ನಿಗೆ ಯಾರನ್ನಾದರೂ ನಿಲ್ಲಿಸಿದರೆ ಬಾಲಮಂದಿರಗಳಿಂದ ಎಷ್ಟೋ ಮಕ್ಕಳು ಮನೆಗಳಿಗೆ ಬರುತ್ತಾರೆ ಎಂದು ನನಗೆ ನಂಬಿಕೆ.

ಇಲ್ಲಿ ಆಸಕ್ತಿ ಇರುವವರಿಗೆ ನನ್ನ ಸಲಹೆ: ನೇರ ಥೆರಪ್ಯೂಟಿಕ್ ಮಗುವಿಗೆ ಹೂಂ ಅನ್ನಬೇಡಿ. ಪರವಾನಗಿ ತೆಗೆದುಕೊಂಡು ಮೊದಲು ರೆಸ್ಪೈಟ್ ಮನೆಯಾಗಿ ಶುರು ಮಾಡಿ. ತಿಂಗಳಿಗೆ ಒಂದು ವಾರಾಂತ್ಯ, ಒಂದೇ ಮಗು. ನಿಮ್ಮ ಮನೆಯ ಸದ್ದು, ನಿಮ್ಮ ತಾಳ್ಮೆ, ಏಜೆನ್ಸಿಯ ರೀತಿ, ಮೂರೂ ಗೊತ್ತಾಗುತ್ತವೆ. ಏಜೆನ್ಸಿ ಆರಿಸುವಾಗ ಅವರು ಕೊಡುವ ಹೊಳಪು ಪುಸ್ತಿಕೆ ಬಿಟ್ಟು, ಅಲ್ಲಿ ಈಗಾಗಲೇ ಮಕ್ಕಳನ್ನು ಇಟ್ಟುಕೊಂಡಿರುವ ಇಬ್ಬರು ಮೂವರು ಪೋಷಕರ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಕೊಟ್ಟರೆ, ಅವರಿಗೆ ಫೋನ್ ಮಾಡಿ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರಿಗೆ ನಿಮ್ಮ ಮಗುವಿನ ಹೆಸರು ಗೊತ್ತಿರುತ್ತದಾ ಅಂತ ಕೇಳಿ.